ಅನೆಸ್ತಿಸ್ ನೆಲಕ್ಕೆ ಬೀಳುತ್ತಿದ್ದ ಭಾನುವಾರಗಳು

ಟೊರಾಂಟೋ ಪಕ್ಕದ ಥಾರ್ನ್‌ಹಿಲ್‌ನಲ್ಲಿ ನಮ್ಮ ಮನೆಗೂ ಅನೆಸ್ತಿಸ್ ವಾಫಿಯಾದಿಸ್ ಅವರ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರು ಕೆಮ್ಮಿದರೆ ಈ ಕಡೆ ನಮಗೆ ಕೇಳುತ್ತಿತ್ತು. 2008ರ ಜೂನಿನಲ್ಲಿ ನಾನೂ ನನ್ನ ಗಂಡ ಬಸವೇಶನೂ ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟು ಬಿಟ್ಟು ಆ ಜೋಡಿಮನೆಯ ಅರ್ಧಕ್ಕೆ ಬಂದು ಸೇರಿದೆವು. ನಾವು ಟ್ರಕ್ಕಿನಿಂದ ಸಾಮಾನು ಇಳಿಸುತ್ತಿದ್ದಾಗ ಪಕ್ಕದ ಮೆಟ್ಟಿಲ ಮೇಲೆ ಎತ್ತರದ ಮುದುಕರೊಬ್ಬರು ನಿಂತು ನೋಡುತ್ತಿದ್ದರು. ಅವರ ಜೊತೆ ಗಿಡ್ಡನೆಯ, ದುಂಡು ಮುಖದ ಗಂಡಸೊಬ್ಬ. ವಯಸ್ಸು ಮೂವತ್ತೈದು ದಾಟಿರಬಹುದು, ಗಡ್ಡದಲ್ಲಿ ಆಗಲೇ ಒಂದೆರಡು ಬಿಳಿ ಕೂದಲು. ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದರು. ಮಗ ಅಪ್ಪನ ಕೈ ಹಿಡಿದಿದ್ದ ಅನ್ನುವುದಕ್ಕಿಂತ ಅಪ್ಪನೇ ಮಗನ ಕೈ ಬಿಡದೆ ಹಿಡಿದಿದ್ದರು ಅನ್ನಬೇಕು.

ಮುದುಕರು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೊದಲ ಮಾತೇ ಇದು: “ನಿಮ್ಮ ಮನ್ಯಾಗ ಹಗಲೊತ್ತಿನ್ಯಾಗ ಯಾರಿರ್ತಾರ?”

ನನಗೆ ದಿಗಿಲಾಯಿತು. ಇಂಥ ಪ್ರಶ್ನೆಯನ್ನು ಯಾರು ಕೇಳುತ್ತಾರೆ? ರಾತ್ರಿ ಎರಡು ಸಲ ಎದ್ದು ಬಾಗಿಲ ಚಿಲಕ ನೋಡಿ ಬಂದೆ. ಅವರಿಗೆ ನಮಗಿಂತ ಹೆಚ್ಚಿನ ಹೆದರಿಕೆ ಇದೆ ಎಂದು ತಿಳಿಯಲು ಒಂದು ವರ್ಷ ಹಿಡಿಯಿತು.

ಒಂದು ಮಾತು ಹೇಳಿಬಿಡುತ್ತೇನೆ. ಅವರೂ ನಾನೂ ಮಾತಾಡುತ್ತಿದ್ದುದು ಮುರುಕು ಇಂಗ್ಲಿಷಿನಲ್ಲಿ. ಅವರದು ಗ್ರೀಕ್ ಮುರುಕು, ನನ್ನದು ಧಾರವಾಡದ ಮುರುಕು. ಆದರೆ ಅವರ ಮಾತೆಲ್ಲ ನನ್ನ ನೆನಪಿನಲ್ಲಿ ನಮ್ಮ ಊರಿನ ಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ. ರಾಜೇಶ್ವರಿ ಎನ್ನುವ ನನ್ನ ಹೆಸರು ಅವರ ಬಾಯಲ್ಲಿ ‘ರಾಜಿ’ ಆಯಿತು. ಅವರನ್ನು ನಾನು ‘ಬಾರ್ಬಾ’ ಎನ್ನುತ್ತಿದ್ದೆ. ನಾವು ಕಾಕಾ ಅಂದ ಹಾಗೆ.

ಮಗನ ಹೆಸರು ಲಾಜರೋಸ್, ಮನೆಯಲ್ಲಿ ಲಾಕಿಸ್. ಹುಟ್ಟಿನಿಂದಲೇ ಡೌನ್ ಸಿಂಡ್ರೋಮ್. ಮಾತು ಕಡಿಮೆ. ಫೋನು ಕಂಡರೆ ಹೆದರುತ್ತಿದ್ದ. ಅದರೊಳಗಿಂದ ದನಿ ಬಂದರೆ ಕಿವಿ ಮುಚ್ಚಿಕೊಂಡು ಬೇಸ್‌ಮೆಂಟಿಗೆ ಇಳಿದುಬಿಡುತ್ತಿದ್ದ. ತಾಯಿ ದೆಸ್ಪಿನಾ ನಾವು ಬರುವ ಹಿಂದಿನ ವರ್ಷ ತೀರಿಕೊಂಡಿದ್ದರು. ಅಕ್ಕ ವಾಸ್ಸೋ ಮದುವೆಯಾಗಿ ಕ್ಯಾಲ್ಗರಿಯಲ್ಲಿದ್ದಳು. ಬಾರ್ಬಾ ನಾರ್ತ್ ಯಾರ್ಕಿನ ಶಾಲೆಯೊಂದರಲ್ಲಿ ಇಪ್ಪತ್ತೇಳು ವರ್ಷ ಕೇರ್‌ಟೇಕರ್ ಆಗಿದ್ದವರು. ಬಾಯ್ಲರು ನೋಡುವುದು, ನೆಲ ಒರೆಸುವುದು, ಹಿಮ ತೆಗೆಯುವುದು, ಸಂಜೆ ಎಲ್ಲ ಬಾಗಿಲಿಗೆ ಬೀಗ ಹಾಕುವುದು. ನಿವೃತ್ತರಾದ ಮೇಲೂ ನಮ್ಮ ಬೀದಿಯ ಎಲ್ಲ ಬಾಗಿಲುಗಳನ್ನು ಅದೇ ಕಣ್ಣಿನಿಂದ ನೋಡುತ್ತಿದ್ದರು.

2009ರ ಅಕ್ಟೋಬರಿನ ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ತಾವೇ ಬೇಯಿಸಿದ ಬೆಣ್ಣೆ ಬಿಸ್ಕತ್ತಿನ ತಟ್ಟೆ. ಕುರ್ಚಿಯ ಅಂಚಿಗೆ ಕೂತರು.

“ನಮ್ಮ ಚರ್ಚಿನಾಕಿ ಒಬ್ಬಾಕಿ ಸತ್ತಳು,” ಎಂದರು. “ಮನ್ಯಾಗ ಆಕಿ, ಆಕಿ ಮಗಳು, ಇಬ್ಬರ. ಮಗಳು ನನ್ನ ಲಾಕಿಸನಂಗ. ನಾಕ ದಿನಾ ಯಾರಿಗೂ ಗೊತ್ತಾಗಲಿಲ್ಲ. ಬಾಗಿಲಾ ಒಡದು ಒಳಗ ಹೋದಾಗ ಆ ಹುಡುಗಿ ತಾಯಿಗೆ ಚಾದರ ಹೊಚ್ಚಿ ಬಾಜೂಕ ಕೂತಿತ್ತು. ನಾಕ ದಿನಾ ಏನೂ ತಿಂದಿರಲಿಲ್ಲ.”

ನಾನು ಅವರ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟೆ.

“ನಾ ಸತ್ತ್ರ ಲಾಕಿಸ್ ನಿಮ್ಮ ಬಾಗಲಕ್ಕ ಬರ್ತಾನ. ನಾ ಕಲಸ್ತೀನಿ. ನೀ ಬಾಗಲಾ ತಗೀತಿಯೇನವಾ?”

ಇದಕ್ಕೆ ಇಲ್ಲ ಅನ್ನುವುದು ಹೇಗೆ? ಹೂಂ ಅಂದೆ.

ಮುಂದಿನ ಭಾನುವಾರದಿಂದ ಅದು ಶುರುವಾಯಿತು. ಚರ್ಚಿನಿಂದ ಬಂದು, ಕೋಟು ಬಿಚ್ಚಿಟ್ಟು, ಅನೆಸ್ತಿಸ್ ತಮ್ಮ ಅಡುಗೆಮನೆಯ ನೆಲದ ಮೇಲೆ ಬೀಳುತ್ತಿದ್ದರು. ಒಂದು ಕಾಲಿನ ಚಪ್ಪಲಿ ದೂರ ಬಿದ್ದಿರುತ್ತಿತ್ತು, ಒಂದು ಕೈ ಮೈ ಕೆಳಗೆ ಮಡಚಿರುತ್ತಿತ್ತು. “ಬೀಳೋರು ನೀಟಾಗಿ ಬೀಳೂದಿಲ್ಲ,” ಎನ್ನುತ್ತಿದ್ದರು. ಲಾಕಿಸ್ ಮೊದಲು ಗ್ಯಾಸಿನ ಒಲೆ ಆರಿಸಬೇಕು. ಬೂಟು ಹಾಕಿಕೊಳ್ಳಬೇಕು. ಹೊರಗೆ ಬಂದು ನಮ್ಮ ಮೆಟ್ಟಿಲು ಹತ್ತಿ ಬೆಲ್ ಒತ್ತಬೇಕು. ಯಾರಾದರೂ ಬಾಗಿಲು ತೆಗೆಯುವವರೆಗೆ ಬೆರಳು ತೆಗೆಯಬಾರದು. ಬಾಗಿಲು ತೆಗೆದ ಮೇಲೆ ಒಂದೇ ಒಂದು ಮಾತು ಹೇಳಬೇಕು: “ಬಾಬಾ.” ಅಂದರೆ ಅಪ್ಪ.

ನಾನು ಹೋಗಿ ಅವರ ಭುಜ ಮುಟ್ಟಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಬೇಕಿತ್ತು. ಹತ್ತಕ್ಕೆ ಅವರು ಕಣ್ಣು ಬಿಡುತ್ತಿದ್ದರು. ಆರು, ಏಳು ಬರುವ ಹೊತ್ತಿಗೆ ನಾನು ಬೇಗ ಬೇಗ ಎಣಿಸುತ್ತಿದ್ದೆ. ಈ ಸಲ ನಿಜವಾಗಿಯೂ ಹೋಗಿಬಿಟ್ಟಿದ್ದರೆ? ಬೇಕರಿಯ ಬೆಳಗಿನ ಶಿಫ್ಟಲ್ಲಿ ವಾರವಿಡೀ ದುಡಿದು ಭಾನುವಾರ ಒಂದು ದಿನ ಸುಮ್ಮನೆ ಕೂರೋಣ ಅಂದರೆ, ಆ ಬೆಲ್ಲಿನ ಸದ್ದಿಗೆ ಕಾಯುವುದೇ ಆಗುತ್ತಿತ್ತು.

ಮೊದಮೊದಲು ಲಾಕಿಸ್ ಅಳುತ್ತಿದ್ದ. ಅಪ್ಪನ ಮುಖ ಹಿಡಿದು ಅಲುಗಾಡಿಸುತ್ತಿದ್ದ. ಗೋಡೆಯಾಚೆಯಿಂದ ಆ ಅಳು ನನಗೆ ಕೇಳುತ್ತಿತ್ತು. ಅನೆಸ್ತಿಸ್ ಕಣ್ಣು ಬಿಡುತ್ತಿರಲಿಲ್ಲ. ಒಂದು ದಿನ ತಡೆಯಲಾಗದೆ ನಾನು ಕೇಳಿಯೇಬಿಟ್ಟೆ: “ಬಾರ್ಬಾ, ಪ್ರತಿ ವಾರ ಅವಗ ಅಪ್ಪನ ಹೆಣಾ ತೋರಸ್ತೀರಲ್ಲ, ನಿಮಗ ಕರುಳು ಇಲ್ಲೇನ್ರಿ?”

ಅವರಿಗೆ ಸಿಟ್ಟು ಬರಲಿಲ್ಲ. ನನ್ನನ್ನು ಕೂರಿಸಿ ಕಾಫಿ ಕಾಸಿದರು. ಆಮೇಲೆ ಹೇಳಿದರು.

ಉತ್ತರ ಗ್ರೀಸಿನ ಗುಡ್ಡದ ಹಳ್ಳಿ ಅವರದು. 1948ರಲ್ಲಿ ಅವರಿಗೆ ಎಂಟು ವರ್ಷ. ದೇಶದೊಳಗೇ ಯುದ್ಧ. ಹಳ್ಳಿಗೆ ಬಂದೂಕಿನವರು ಬಂದು ಮಕ್ಕಳನ್ನು ಕರೆದೊಯ್ಯುತ್ತಾರೆ ಎಂಬ ಸುದ್ದಿ. ತಾಯಿ ಅವರನ್ನು ನೆಲದೊಳಗೆ ಗೋಧಿ ತುಂಬಿಡುವ ಹಗೇವಿನಲ್ಲಿ ಇಳಿಸಿ ಮೇಲೆ ಹುಲ್ಲು ಮುಚ್ಚಿದಳು. ಯಾರು ಹೆಸರು ಹಿಡಿದು ಕರೆದರೂ ಓ ಅನ್ನಬೇಡ, ನಾನು ಕರೆದರೂ ಅನ್ನಬೇಡ ಎಂದಿದ್ದಳು. ಎರಡು ದಿನ ಅವರು ಕತ್ತಲಲ್ಲಿ ಕೂತರು. ಮೇಲೆ ಯಾರೋ ಕರೆಯುತ್ತಿದ್ದರು, ಹೆಂಗಸಿನ ದನಿ. ಅವರು ಬಾಯಿ ಬಿಡಲಿಲ್ಲ. ಕಡೆಗೆ ತಾಯಿಯೇ ಕೈಯಿಂದ ಹುಲ್ಲು ಸರಿಸಿ ಅವರನ್ನು ಮೇಲಕ್ಕೆ ಎಳೆದುಕೊಂಡಾಗ, ಅವರ ತಮ್ಮ ಇರಲಿಲ್ಲ. ಐದು ವರ್ಷದವನು. ಅಂಗಳದಲ್ಲಿ ಆಡುತ್ತಿದ್ದವನನ್ನು ಎತ್ತಿಕೊಂಡು ಹೋಗಿದ್ದರು. ಆಮೇಲೆ ಅವನ ಸುದ್ದಿ ಬರಲೇ ಇಲ್ಲ.

1967ರಲ್ಲಿ ಅವರು ಹಡಗು ಹತ್ತಿ ಹ್ಯಾಲಿಫ್ಯಾಕ್ಸಿಗೆ ಬಂದರು, ಅಲ್ಲಿಂದ ರೈಲಿನಲ್ಲಿ ಟೊರಾಂಟೋಗೆ. ಬಟ್ಟೆ ಕಾರ್ಖಾನೆಯಲ್ಲಿ ಇಸ್ತ್ರಿ ಮಾಡುತ್ತ ಅಲ್ಲಿಯೇ ಗುಂಡಿ ಹೊಲಿಯುತ್ತಿದ್ದ ದೆಸ್ಪಿನಾಳನ್ನು ಮದುವೆಯಾದರು. ಲಾಕಿಸ್‌ಗೆ ಎರಡು ವರ್ಷವಿದ್ದಾಗ ಡಾಕ್ಟರೊಬ್ಬರು ಬುದ್ಧಿ ಹೇಳಿದರಂತೆ: ಇಂಥ ಮಕ್ಕಳಿಗೆ ಸರ್ಕಾರದ ದೊಡ್ಡ ಆಶ್ರಮವಿದೆ, ಅಲ್ಲಿ ಬಿಟ್ಟು ಮರೆತುಬಿಡಿ, ನಿಮಗೆ ಮಗಳಿದ್ದಾಳೆ. ಅನೆಸ್ತಿಸ್ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಎರಡು ತಾಸು ಹೋದರು. ಒಂದು ಉದ್ದನೆಯ ಕೋಣೆ, ನಲವತ್ತು ಹಾಸಿಗೆ. ಎಲ್ಲ ಮಕ್ಕಳಿಗೂ ಒಂದೇ ಬಣ್ಣದ ಅಂಗಿ, ಕಾಲರಿನ ಮೇಲೆ ಮಸಿಯಲ್ಲಿ ಬರೆದ ನಂಬರು. ಒಬ್ಬ ಹುಡುಗ ಇವರ ಕಾಲು ತಬ್ಬಿಕೊಂಡು ಬಿಡಲೊಲ್ಲ. ಅನೆಸ್ತಿಸ್ ಮಗನನ್ನು ಕೋಟಿನೊಳಗೆ ಸೇರಿಸಿಕೊಂಡು ಗುಂಡಿ ಹಾಕಿ, ಯಾರಿಗೂ ಹೇಳದೆ ಹೊರಬಿದ್ದರು.

“ಅವತ್ತಿನಿಂದ ನನಗ ಒಂದ ಹೆದರಿಕಿ, ರಾಜಿ,” ಎಂದರು. “ನಾ ಇಲ್ಲದಾಗ ಯಾರರೆ ಬಂದು ಇವನ್ನ ಎತಗೊಂಡ ಹೋಗ್ತಾರ. ಅಂಥಾ ಜಾಗಾ ಈಗ ಇಲ್ಲ ಅಂತಾರ. ಎಲ್ಲಾ ಮುಚ್ಚ್ಯಾರ ಅಂತಾರ. ನನಗ ನಂಬಿಕಿ ಇಲ್ಲ.”

ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ. ನಾಲ್ಕು ವರ್ಷ ಭಾನುವಾರಗಳು ಹಾಗೆಯೇ ನಡೆದವು. ಲಾಕಿಸ್ ಅಳುವುದನ್ನು ಬಿಟ್ಟ. ಕೊನೆಕೊನೆಗೆ ತುಂಬ ಶಿಸ್ತಿನಿಂದ ಬಂದು ಬೆಲ್ ಒತ್ತುತ್ತಿದ್ದ. ನಾನು ಬಾಗಿಲು ತೆಗೆದರೆ ಹೆಮ್ಮೆಯಿಂದ ನಗುತ್ತಿದ್ದ. 2012ರಲ್ಲಿ ಧಾರವಾಡದಿಂದ ನಮ್ಮ ಜೊತೆ ಇರಲು ಬಂದ ಅತ್ತೆ ನಿಂಗವ್ವನಿಗೆ ಇದನ್ನು ವಿವರಿಸುವುದೇ ಕಷ್ಟವಾಯಿತು. “ಸತ್ತಂಗ ಮಲಗೂದೇನ ಚಲೋ ಅಲ್ಲ ನೋಡವಾ,” ಎಂದು ಆಕೆ ಪ್ರತಿ ಭಾನುವಾರ ದೇವರ ಮುಂದೆ ಒಂದು ಊದಿನಕಡ್ಡಿ ಹೆಚ್ಚು ಹಚ್ಚುತ್ತಿದ್ದಳು.

2013ರ ಡಿಸೆಂಬರ್ ಇಪ್ಪತ್ತೆರಡು, ಭಾನುವಾರ. ಹಿಂದಿನ ದಿನದಿಂದ ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತ್ತು. ಬೆಳಗ್ಗೆ ಎದ್ದು ನೋಡಿದರೆ ಪ್ರತಿ ಟೊಂಗೆ, ತಂತಿ, ಕಾರಿನ ಹಿಡಿಕೆಯ ಮೇಲೆ ಬೆರಳುದಪ್ಪ ಗಾಜು. ಕರೆಂಟು ಹೋಗಿತ್ತು. ಮನೆ ತಣ್ಣಗಾಗುತ್ತಿತ್ತು. ಬಸವೇಶ ಪಕ್ಕದ ಊರಾದ ವಾನ್‌ನ ಕಾರ್ಖಾನೆಯಲ್ಲಿ ನೈಟ್ ಶಿಫ್ಟಿಗೆ ಹೋದವನು ರಸ್ತೆ ಬಂದಾಗಿ ಅಲ್ಲಿಯೇ ಸಿಕ್ಕಿಕೊಂಡಿದ್ದ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಹೊರಗೆ ಟೊಂಗೆಗಳು ಭಾರ ತಾಳದೆ ಮುರಿದು ಬೀಳುತ್ತಿದ್ದವು. ಒಂದೊಂದು ಸದ್ದಿಗೂ ಅತ್ತೆ “ಶಿವಾ” ಎನ್ನುತ್ತಿದ್ದಳು. ಹನ್ನೊಂದರ ಸುಮಾರಿಗೆ ಧಡ್ ಎಂದು ಒಂದು ಸದ್ದಾಯಿತು. ಸ್ವಲ್ಪ ಹತ್ತಿರವೇ. ಮೇಪಲ್ ಮರದ್ದಿರಬೇಕು ಅಂದುಕೊಂಡೆವು.

ಹನ್ನೆರಡೂಕಾಲಿಗೆ ನಾನು ಗ್ಯಾಸಿನ ಮೇಲೆ ಅನ್ನಕ್ಕಿಟ್ಟಿದ್ದೆ. ಅತ್ತೆ ಬೆಳಕಿಗಾಗಿ ಮುಂದಿನ ಕಿಟಕಿಯ ಹತ್ತಿರ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

“ಬಾಗಲದಾಗ ಯಾರೋ ನಿಂತಾರ ನೋಡ,” ಎಂದಳು.

“ಲಾಕಿಸ್ ಇರಬೇಕ್ರಿ ಅತ್ತಿ. ಇವತ್ತ ಭಾನುವಾರ ಅಲ್ಲ?”

“ತೆಲಿ ಮ್ಯಾಲೆ ಟೊಪ್ಪಗಿ ಇಲ್ಲವಾ ಅವಗ.”

ನನಗೆ ರೇಗಿತು. “ಈ ಹಿಮದಾಗೂ ಆ ಮುದುಕಪ್ಪಗ ನಾಟಕ ಬೇಕಾಗೈತಿ. ಎರಡ ನಿಮಿಷ ತಡೀಲಿ, ಅನ್ನಾ ಬಸದು ಹೋಗ್ತೀನಿ.”

ಎರಡು ನಿಮಿಷವಲ್ಲ, ಹತ್ತಾಯಿತು. ಗಂಜಿ ಬಸಿದೆ, ಪಾತ್ರೆ ಮುಚ್ಚಿದೆ, ಸ್ವೆಟರು ಹುಡುಕಿದೆ. ಇದನ್ನು ನಾನು ಅನೆಸ್ತಿಸ್ ಅವರಿಗಾಗಲಿ ಅವರ ಮಗಳಿಗಾಗಲಿ ಎಂದೂ ಹೇಳಲಿಲ್ಲ.

ಹೊರಬಾಗಿಲು ಮಂಜುಗಡ್ಡೆಗೆ ಅಂಟಿತ್ತು. ಭುಜ ಕೊಟ್ಟು ನೂಕಿದೆ. ಲಾಕಿಸ್ ಬೆಲ್ ಒತ್ತುತ್ತ ನಿಂತಿದ್ದ. ಮನೆಯಂಗಿಯ ಮೇಲೆಯೇ ಬಂದಿದ್ದ, ಬೂಟು ಮಾತ್ರ ಸರಿಯಾಗಿ ಹಾಕಿದ್ದ. ಕೂದಲಿನಲ್ಲಿ ಮಂಜಿನ ಹರಳು, ತುಟಿ ನೀಲಿ. ನನ್ನನ್ನು ನೋಡಿದ ಮೇಲೂ ಬೆರಳು ತೆಗೆಯಲಿಲ್ಲ. ಆಗ ನನಗೆ ಹೊಳೆಯಿತು, ಬೆಲ್ ಸದ್ದೇ ಆಗಿರಲಿಲ್ಲ. ಕರೆಂಟು ಇರಲಿಲ್ಲ. ಅವನಿಗೆ ಕಲಿಸಿದ್ದು ಬೆಲ್ ಒತ್ತುವುದನ್ನು. ಬಾಗಿಲು ಬಡಿಯುವುದನ್ನು ಯಾರೂ ಕಲಿಸಿರಲಿಲ್ಲ.

“ಎಷ್ಟೊತ್ತಾತು ಬಂದು?” ಎಂದೆ. ಅವನ ದವಡೆ ನಡುಗಿತು. “ಬಾಬಾ” ಎಂಬ ಮಾತು ಹೊರಗೆ ಬರಲಿಲ್ಲ.

ಮೆಟ್ಟಿಲ ಕಂಬಿ ಹಿಡಿದು, ಕೂತು ಜಾರಿ, ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಅನೆಸ್ತಿಸ್ ಒಲೆಗೂ ಮೇಜಿಗೂ ನಡುವೆ ಮಲಗಿದ್ದರು. ಒಂದು ಚಪ್ಪಲಿ ದೂರ ಬಿದ್ದಿತ್ತು. ಒಂದು ಕೈ ಮೈ ಕೆಳಗೆ. ಪ್ರತಿ ಭಾನುವಾರ ಇರುತ್ತಿದ್ದ ಹಾಗೆಯೇ. ನಾನು ಭುಜ ಮುಟ್ಟಿ, ಅಭ್ಯಾಸದಿಂದ, ಎಣಿಸಲು ಶುರು ಮಾಡಿದೆ. ಹತ್ತಾಯಿತು. “ಸಾಕು ಏಳ್ರಿ ಬಾರ್ಬಾ,” ಎಂದೆ. ಹದಿನೈದಾಯಿತು. ಲಾಕಿಸ್ ನನ್ನ ಬೆನ್ನ ಹಿಂದೆ ನಿಂತು ಅವರ ಮುಖವನ್ನೇ ನೋಡುತ್ತಿದ್ದ. ನನಗೆ ಎಣಿಸುವುದನ್ನು ನಿಲ್ಲಿಸುವ ಧೈರ್ಯ ಬರಲಿಲ್ಲ.

ಹಿಂದಿನಿಂದ ಅತ್ತೆ ಬಂದಳು. ಬೂಟಿನ ಮೇಲೆ ಬಸವೇಶನ ಉಣ್ಣೆಯ ಕಾಲುಚೀಲ ಎಳೆದುಕೊಂಡಿದ್ದಳು; ಜಾರದಿರಲು ಹಾಗೆ ಮಾಡಬೇಕೆಂದು ಹಿಂದಿನ ಚಳಿಗಾಲದಲ್ಲಿ ಅನೆಸ್ತಿಸ್ ಅವರೇ ಆಕೆಗೆ ಕೈಸನ್ನೆಯಲ್ಲಿ ತೋರಿಸಿದ್ದರು. ಬಾಗಿ ಅವರ ಬರಿಗಾಲು ಮುಟ್ಟಿದಳು.

“ಏ ಹುಚ್ಚಿ, ಕಾಲು ಕೊರೀತಾವ. ಇದು ಆಟಾ ಅಲ್ಲ. ಫೋನ್ ಹಚ್ಚ!”

ಉಸಿರಿತ್ತು, ಸಣ್ಣಗೆ. 911ಕ್ಕೆ ಫೋನು ಮಾಡಿದೆ. ಬೀದಿಯ ತುದಿಯಲ್ಲಿ ಮರ ಬಿದ್ದಿದ್ದರಿಂದ ಆಂಬುಲೆನ್ಸು ಬರಲು ನಲವತ್ತು ನಿಮಿಷವಾಯಿತು. ಅಷ್ಟೂ ಹೊತ್ತು ಅತ್ತೆ ಅವರ ಕಾಲುಗಳನ್ನು ತನ್ನ ಸೀರೆಯ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ಲಾಕಿಸ್ ಒಲೆಯ ಗುಂಡಿ ತಿರುಗಿಸಿ ನೋಡಿ, ಆರಿದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ಬಾಗಿಲ ಕಡೆ ಹೊರಟ. ಇನ್ನೊಂದು ಸಲ ಬೆಲ್ ಒತ್ತಲು. ಅವನನ್ನು ತಡೆದು ನಿಲ್ಲಿಸಲು ನನ್ನ ಶಕ್ತಿಯೆಲ್ಲ ಬೇಕಾಯಿತು.

ಸೊಂಟದ ಮೂಳೆ ಮುರಿದಿತ್ತು. ಹೃದಯಕ್ಕೂ ಪೆಟ್ಟಾಗಿತ್ತು. ಇನ್ನೊಂದು ತಾಸು ಆ ನೆಲದ ಮೇಲಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಮಂಜುಗಟ್ಟಿದ ಬೆಲ್ ಒತ್ತಿ ಒತ್ತಿ ಲಾಕಿಸನ ಬಲಗೈ ತೋರುಬೆರಳ ಚರ್ಮ ಸುಲಿದುಹೋಗಿತ್ತು. ವಾಸ್ಸೋಳ ವಿಮಾನ ಬರಲು ಎರಡು ದಿನವಾಯಿತು. ಆವರೆಗೆ ಅವನು ನಮ್ಮಲ್ಲಿಯೇ ಇದ್ದ. ಮೊದಲ ರಾತ್ರಿ ಕರೆಂಟಿಲ್ಲದ ಮನೆಯಲ್ಲಿ ನಾನು, ಅತ್ತೆ, ಅವನು ಮೂವರೂ ಕೋಟು ಹಾಕಿಕೊಂಡು, ಒಂದೇ ರಗ್ಗಿನೊಳಗೆ ಕೂತು, ಬಿಸಿ ಅನ್ನ ಸಾರು ತಿಂದೆವು.

ಕ್ರಿಸ್‌ಮಸ್ ಮರುದಿನ ನಾನು ಆಸ್ಪತ್ರೆಗೆ ಹೋದೆ. ಅನೆಸ್ತಿಸ್ ನನ್ನ ಮಣಿಕಟ್ಟು ಹಿಡಿದುಕೊಂಡರು.

“ಬಂದನೇನ?”

“ಬಂದಾ ಬಾರ್ಬಾ.”

“ಒಲಿ ಆರಿಸಿದ್ನೇನ?”

“ಆರಿಸಿದ್ದ.”

“ಎಷ್ಟೊತ್ತು ನಿಂತಿದ್ದ?”

“ಹತ್ತ ನಿಮಿಷ,” ಎಂದೆ. ಹನ್ನೊಂದಕ್ಕೇ ಕೇಳಿದ್ದ ಆ ಧಡ್ ಸದ್ದಿನ ಮಾತೆತ್ತಲಿಲ್ಲ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನು ಕಣ್ಣು ತಪ್ಪಿಸಿದೆ. “ಕರೆಂಟು,” ಎಂದರು ಕೊನೆಗೆ. “ಶಾಲಿಯೊಳಗ ಇಪ್ಪತ್ತೇಳು ವರ್ಷ ಬೆಲ್ಲಿಗೆ ಕರೆಂಟು ನೋಡಿದಾಂವ ನಾನು. ಅದನ್ನೊಂದು ಯೋಚನೆ ಮಾಡಲಿಲ್ಲ.” ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು.

ಅವರು ಮನೆಗೆ ಮರಳುವ ಸ್ಥಿತಿಯಲ್ಲಿರಲಿಲ್ಲ. ವಾಸ್ಸೋ ತಿಂಗಳುಗಟ್ಟಲೆ ಇಲ್ಲಿರುವಂತಿರಲಿಲ್ಲ. ಜನವರಿಯಲ್ಲಿ ಲಾಕಿಸ್‌ಗೆ ನಾರ್ತ್ ಯಾರ್ಕಿನಲ್ಲಿ ಒಂದು ಮನೆ ಗೊತ್ತಾಯಿತು. ಅವನಂಥ ಇನ್ನೂ ಮೂವರು ಗಂಡಸರು, ಜೊತೆಗೆ ಸರದಿಯ ಮೇಲೆ ಇರುವ ಸಹಾಯಕರು. ಅವನನ್ನು ಬಿಡಲು ವಾಸ್ಸೋ ಜೊತೆ ನಾನೂ ಹೋದೆ. ಕಾರಿನಲ್ಲಿ ಅವನು ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಮುದುಕರು ಹೇಳಿದ್ದ ನಲವತ್ತು ಹಾಸಿಗೆಯ ಕೋಣೆ ನನ್ನ ಕಣ್ಣಮುಂದೆ ಇತ್ತು. ನಾವೇ ಈಗ ಅವನನ್ನು ಎತ್ತಿಕೊಂಡು ಹೋಗುತ್ತಿರುವವರು ಅನ್ನಿಸಿತು. ವಾಸ್ಸೋ ಎರಡು ಸಲ ತಪ್ಪು ದಾರಿಗೆ ತಿರುಗಿದಳು. ಬೇಕೆಂದೇ ತಿರುಗಿದಳೋ ಏನೋ.

ಸಂಜೆ ಆಸ್ಪತ್ರೆಗೆ ಹೋದಾಗ ಅನೆಸ್ತಿಸ್ ಕೇಳಿದ್ದು ಒಂದೇ: “ಅಲ್ಲಿ ಎಲ್ಲಾರ ಅಂಗಿ ಒಂದ ನಮೂನಿ ಅದಾವೇನು?”

“ಇಲ್ರಿ. ಒಬ್ಬಾಂವ ಹಾಕಿ ಟೀಮಿನ ಅಂಗಿ ಹಾಕ್ಕೊಂಡಾನ, ಒಬ್ಬಾಂವ ಹೂವಿನ ಅಂಗಿ. ಲಾಕಿಸ್‌ಗೆ ತನ್ನದ ಕೋಣಿ ಐತಿ, ಕಿಟಕಿ ಐತಿ.”

ಅವರು ನಂಬಲಿಲ್ಲ. ಫೋಟೋ ತೋರಿಸಿದೆ. ಫೋಟೋದಲ್ಲಿ ಎಲ್ಲ ಕಾಲರುಗಳನ್ನು ದೊಡ್ಡದು ಮಾಡಿ ನೋಡಿದರು.

ಏಪ್ರಿಲಿನಲ್ಲಿ ಅವರನ್ನು ಹತ್ತಿರದ ಒಂದು ವೃದ್ಧಾಶ್ರಮಕ್ಕೆ ಸೇರಿಸಿದರು. ಗಾಲಿಕುರ್ಚಿಯಲ್ಲಿ ಕೂರುವಷ್ಟಾಗಿದ್ದರು. ಶನಿವಾರ ಶನಿವಾರ ಲಾಕಿಸ್ ಸಹಾಯಕನ ಜೊತೆ ಬಸ್ಸಿನಲ್ಲಿ ಬರುತ್ತಿದ್ದ. ಅವನಿಗೆ ಒಂದು ಈಜುಕೊಳದಲ್ಲಿ ಟವೆಲ್ ಮಡಚುವ ಕೆಲಸ ಸಿಕ್ಕಿತ್ತು. ಕೈಯಲ್ಲಿ ಬಸ್ ಕಾರ್ಡು, ಕೊರಳಲ್ಲಿ ಗುರುತಿನ ಚೀಟಿ. ಅಪ್ಪನಿಗೆ ದಿನದಿನಕ್ಕೆ ಮಡಚಿದ ಟವೆಲ್ಲಿನ ಕಟ್ಟು ಎಷ್ಟೆತ್ತರವಾಯಿತು ಎಂದು ಕೈಯಲ್ಲಿ ತೋರಿಸುತ್ತಿದ್ದ. ಜೂನಿನಲ್ಲಿ ಒಂದು ದಿನ ನಾನು ಅಲ್ಲಿದ್ದಾಗಲೇ ಅನೆಸ್ತಿಸ್ ಕೇಳಿದರು, “ನಾವಿಬ್ಬರೂ ಮನಿಗೆ ಹೋಗೂಣೇನೋ, ಮಗನ? ನಾ ನಡೀಲಿಕ್ಕೆ ಕಲೀತೀನಿ.”

ಲಾಕಿಸ್ ತಲೆಯಲ್ಲಾಡಿಸಿದ. “ನೋ. ಮೈ ಹೌಸ್,” ಎಂದು ಕಿಟಕಿಯಾಚೆ, ನಾರ್ತ್ ಯಾರ್ಕಿನ ದಿಕ್ಕಿಗೋ ಇನ್ನೆಲ್ಲಿಗೋ, ಬೊಟ್ಟು ಮಾಡಿದ. ಅಪ್ಪನ ಹಣೆಗೆ ಮುತ್ತು ಕೊಟ್ಟು ಹೊರಟುಹೋದ.

ನಾನು ಅವರಿಗೆ ನೀರು ಕೊಟ್ಟೆ. “ನಲವತ್ತ ವರ್ಷ ನಾ ಹೆದರಿದ್ದು, ಅವಾ ನನ್ನ ಬಿಟ್ಟು ಅಳ್ತಾನ ಅಂತ,” ಎಂದರು. “ಅವಾ ಅಳಲಿಲ್ಲ, ರಾಜಿ.”

“ಚಲೋ ಆತಲ್ರಿ.”

“ಚಲೋನ ಆತು.” ಲೋಟ ಕೆಳಗಿಟ್ಟು, “ಆದರ ಹೆದರಿಕಿ ಹೋಗವಲ್ದು. ಈಗ ಯಾಕ ಹೆದರ್ತೀನಿ ಅನ್ನೂದ ತಿಳೀವಲ್ದು,” ಎಂದರು.

ಆ ಚಳಿಗಾಲ ಅವರು ತುಂಬ ಸೊರಗಿದರು. ಕೊರಿಡಾರಿನಲ್ಲಿ ಯಾರಾದರೂ ಜೋರಾಗಿ ನಡೆದರೆ ಬಾಗಿಲ ಕಡೆ ನೋಡುತ್ತಿದ್ದರು. ಒಂದು ದಿನ ನನ್ನನ್ನು ತಾಯಿಯೆಂದುಕೊಂಡು ಗ್ರೀಕಿನಲ್ಲಿ ಏನೋ ಪಿಸುಗುಟ್ಟಿ ಬಾಯಿಯ ಮೇಲೆ ಬೆರಳಿಟ್ಟುಕೊಂಡರು. 2015ರ ಮಾರ್ಚ್ ಹತ್ತೊಂಬತ್ತರ ಮಧ್ಯಾಹ್ನ, ಊಟದ ತಟ್ಟೆ ತೆಗೆಯಲು ಬಂದ ಹುಡುಗಿಗೆ ಅವರು ತೀರಿಕೊಂಡಿದ್ದು ಗೊತ್ತಾಯಿತು.

ಲಾಕಿಸ್‌ಗೆ ಹೇಳುವ ಕೆಲಸ ವಾಸ್ಸೋ ನನಗೆ ಬಿಟ್ಟಳು. ನಾನು ಅವನಿದ್ದ ಮನೆಗೆ ಹೋಗಿ ಹೇಳಿದೆ. ಅವನು ಕೇಳಿಸಿಕೊಂಡ. ಒಳಗೆ ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡ. ಅರ್ಧ ಗಂಟೆ ನಾನೂ ಸಹಾಯಕನೂ ಆ ಬಾಗಿಲಿನ ಹೊರಗೆ ನಿಂತಿದ್ದೆವು, ಒಳಗೆ ಒಂದು ಸದ್ದೂ ಇಲ್ಲ. ಹೊರಗೆ ಬಂದಾಗ ಚರ್ಚಿಗೆ ಹಾಕುವ ಕೋಟು ತೊಟ್ಟಿದ್ದ, ಕಣ್ಣು ಕೆಂಪಗಿದ್ದವು. ಕೋಟಿನ ಗುಂಡಿಗಳನ್ನೆಲ್ಲ ತಾನೇ ಹಾಕಿಕೊಂಡಿದ್ದ, ಒಂದು ಮಾತ್ರ ತಪ್ಪಿತ್ತು.

ನಲವತ್ತನೆಯ ದಿನದ ಪ್ರಾರ್ಥನೆಗೆ ನಾವು ಮೂವರೂ ಚರ್ಚಿಗೆ ಹೋದೆವು. ಬೇಯಿಸಿದ ಗೋಧಿಗೆ ಸಕ್ಕರೆ, ಒಣದ್ರಾಕ್ಷಿ ಬೆರೆಸಿ ಎಲ್ಲರಿಗೂ ಹಂಚಿದರು. ಲಾಕಿಸನೇ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಕೊಟ್ಟ. “ಹುಗ್ಗಿಯಂಗ ಐತಿ,” ಎಂದು ಅತ್ತೆ ಎರಡು ಸಲ ಹಾಕಿಸಿಕೊಂಡಳು. ಮೂರೂವರೆಗೆ ಅವನು ಗಡಿಯಾರ ತೋರಿಸಿದ. ಬಸ್ಸಿನ ಹೊತ್ತಾಗಿತ್ತು. ಅಷ್ಟರಲ್ಲಿ ಅವನು ಆ ಒಂದು ದಾರಿಯಲ್ಲಿ ಒಬ್ಬನೇ ಹೋಗಲು ಕಲಿತಿದ್ದ. ನಾನು ಸ್ಟಾಪಿನವರೆಗೆ ಹೋದೆ. ಮುಟ್ಟಿದ ಮೇಲೆ ಅಲ್ಲಿಯವರಿಂದ ಫೋನು ಮಾಡಿಸು ಎಂದು ಮೂರು ಸಲ ಹೇಳಿದೆ. ಅವನು ಹೂಂ ಅಂದ. ಬಸ್ಸು ಯಂಗ್ ಸ್ಟ್ರೀಟಿನಲ್ಲಿ ಮರೆಯಾಗುವವರೆಗೆ ನಿಂತೆ.

ನಾಲ್ಕೂವರೆಯಾಯಿತು, ಐದಾಯಿತು, ಫೋನು ಬರಲಿಲ್ಲ. “ಮುಟ್ಟಿರ್ತಾನ ತಗೋ,” ಎಂದ ಬಸವೇಶ. ನನ್ನಿಂದ ಕೂರಲಾಗಲಿಲ್ಲ. ಕಾರಿನ ಕೀಲಿ ಕೈಯಲ್ಲಿ ಹಿಡಿದುಕೊಂಡು ಕಿಟಕಿಗೂ ಬಾಗಿಲಿಗೂ ತಿರುಗಿದೆ. ಆರಕ್ಕೆ ನಾನೇ ಆ ಮನೆಗೆ ಫೋನು ಮಾಡಿದೆ.

ನಾಲ್ಕು ಗಂಟೆಗೇ ಬಂದಿದ್ದಾನೆ ಎಂದರು. ಫೋನು ಮಾಡಿಸುವುದು ಅವನಿಗೆ ನೆನಪಿರಲಿಲ್ಲ. ಊಟಕ್ಕೆ ಕೂತಿದ್ದನಂತೆ.